ಕೃತಕಶ್ವಾಸದ ಇತಿಹಾಸದಲ್ಲಿ ಕೋಪನ್‌ಹೇಗನ್ ನಗರದ ಸ್ಥಾನ

೧. ವಿಷಯಪ್ರವೇಶ

ಉಸಿರು ನಿಂತುದೇ ಮರಣವೆಂಬ ಲಕ್ಷಣವು ಎಲ್ಲ ದೇಶಗಳಲ್ಲಿಯೂ ಬಹು ಪ್ರಾಚೀನವಾದುದು. ನಮ್ಮಲ್ಲಿ ಜೀವಕ್ಕೂ ಉಸಿರಿಗೂ ಪ್ರಾಣವೆಂಬ ಒಂದೇ ಶಬ್ದವು ಸಲ್ಲುತ್ತದೆ; ಉಸಿರಾಡುವುದೆಂಬ ಅರ್ಥವುಳ್ಳ ‘ಅನ್’ ಧಾತುವಿನಿಂದ ಅದು ಹುಟ್ಟಿದುದು. ಛಾಂದೋಗ್ಯೋಪನಿಷತ್ತಿನಲ್ಲಿ ಇಂದ್ರಿಯಗಳೆಲ್ಲವೂ ತಮ್ಮ ತಮ್ಮ ಹಿರಿಮೆಗಾಗಿ ವಿವಾದ ಮಾಡಿ, ಕಡೆಗೆ ಪ್ರಾಣವು ಹೊರಡಲನುವಾದಾಗ ತಾವೆಲ್ಲ ಬುಡಮೇಲಾಗುವುದನ್ನು ಕಂಡು ಅದರ ಶ್ರೇಷ್ಠತೆಯನ್ನು ಒಪ್ಪಿಕೊಂಡ ಕಥೆಯು ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಇನ್ನೊಂದು ಕಡೆ, ಕಮ್ಮಾರನ ತಿದಿಯು ಉಸಿರಾಡಿದರೂ ಬದುಕಿರುವುದಿಲ್ಲವೆಂಬುದು ಸಂಸ್ಕೃತ ಸುಭಾಷಿತಕಾರರಿಗೆ ಪ್ರಿಯವಾದ ಉಪಮಾನವು. ತಿದಿಯ ಗಾಳಿಗೂ ಪ್ರಾಣಿಯ ಉಸಿರಿಗೂ ಸಂಬಂಧವಿಲ್ಲವೆಂಬ ಭಾವನೆಯೇ ಈ ಉಪಮಾನಕ್ಕೆ ಆಧಾರ. ಆದರೆ ತಾನಾಗಿ ಉಸಿರಾಡಲಾರದ ಮನುಷ್ಯನಿಗೆ ತಿದಿಯ ಗಾಳಿಯಿಂದ ಉಸಿರನ್ನು ಕೊಟ್ಟು ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿಸುವ ವಿದ್ಯೆಯು ಇಂದು ಲೋಕದ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿಯೂ ನಿತ್ಯದ ಕೆಲಸವಾಗಿದೆ. ಇದಕ್ಕಾಗಿಯೇ ತೀವ್ರ ನಿಗಾ ಘಟಕವೆಂಬ ವಿಭಾಗವೂ, ವೆಂಟಿಲೇಟರ್ ಎಂಬ ಯಂತ್ರವೂ ಏರ್ಪಟ್ಟಿವೆ.

ಈ ವಿದ್ಯೆಯು ಯಂತ್ರನಿರ್ಮಾಣದಿಂದ ಹುಟ್ಟಿತೆಂದೂ, ಯಂತ್ರವು ಉತ್ತಮವಾದಂತೆಲ್ಲ ಅದೂ ಬೆಳೆಯಿತೆಂದೂ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಈ ಪೂರ್ವಪಕ್ಷವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ೧೯೫೨ನೆಯ ಇಸವಿಯಲ್ಲಿ ನಡೆದ ಸಂಗತಿಗಳ ಆಧಾರದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

೨. ತಿದಿಯ ಪೂರ್ವಚರಿತ್ರೆ

ಗಾಳಿಯನ್ನು ಹೊರಗಿನಿಂದ ಊದಿ ಶ್ವಾಸಕೋಶಗಳನ್ನು ಉಬ್ಬಿಸಬಹುದೆಂಬ ಅರಿವು ಹೊಸದಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯನಾದ ಗೇಲನ್ ಎಂಬಾತನು ಸತ್ತ ಪ್ರಾಣಿಯ ಕಂಠನಾಳದೊಳಕ್ಕೆ ಗಾಳಿಯನ್ನೂದಿದರೆ ಶ್ವಾಸಕೋಶಗಳು ಹಿಗ್ಗುವುದನ್ನು ಬಲ್ಲವನಾಗಿದ್ದನು. ಆದರೆ ಅದು ಅಂಗರಚನೆಯ ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ. ೧೫೪೩ರಲ್ಲಿ ಬಾಸೆಲ್ ನಗರದಲ್ಲಿ ಮುದ್ರಿತವಾದ ತನ್ನ ಶರೀರರಚನಾ ಗ್ರಂಥದ ಕೊನೆಯ ಭಾಗದಲ್ಲಿ ವೆಸೇಲಿಯಸ್ ಎಂಬ ಪಂಡಿತನು ಇದಕ್ಕಿಂತ ಮುಂದೆ ಹೋದನು. ಎದೆಯನ್ನು ತೆರೆದ ಪ್ರಾಣಿಯ ಶ್ವಾಸನಾಳದಲ್ಲಿ ಜೊಂಡಿನ ಕೊಳವೆಯನ್ನಿಟ್ಟು ಊದಿದರೆ ಕುಸಿದ ಶ್ವಾಸಕೋಶವು ಮತ್ತೆ ಏಳುವುದೆಂದೂ, ನಿಲ್ಲಲಿದ್ದ ಹೃದಯವು ಬಲಗೊಳ್ಳುವುದೆಂದೂ ಅವನು ಬರೆದನು. ಕೃತಕಶ್ವಾಸದ ತತ್ತ್ವವೆಲ್ಲವೂ ಬೀಜರೂಪವಾಗಿ ಈ ಮಾತಿನಲ್ಲಿ ಅಡಗಿದೆ.

೧೬೬೭ನೆಯ ಅಕ್ಟೋಬರಿನಲ್ಲಿ ರಾಬರ್ಟ್ ಹುಕ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯ ಸಭ್ಯರೆದುರಿಗೆ ಒಂದು ನಾಯಿಯನ್ನು ತಿದಿಯ ಗಾಳಿಯಿಂದಲೇ ಬದುಕಿಸಿ ತೋರಿಸಿದನು. ಅನಂತರ ಅವನು ಶ್ವಾಸಕೋಶದ ಹೊರಪೊರೆಯನ್ನು ಸಣ್ಣ ಸಣ್ಣದಾಗಿ ಚುಚ್ಚಿ, ಎರಡು ತಿದಿಗಳಿಂದ ಎಡೆಬಿಡದೆ ಗಾಳಿಯನ್ನು ಹರಿಸಿದನು. ಆಗ ಶ್ವಾಸಕೋಶಗಳು ಏರಿಳಿಯದೆ ಉಬ್ಬಿಯೇ ಇದ್ದರೂ ನಾಯಿಯು ಜೀವಿಸಿತು. ಶ್ವಾಸಕೋಶದ ಚಲನೆಯೇ ಪ್ರಾಣಧಾರಣಕ್ಕೆ ಕಾರಣವೆಂಬ ಹಳೆಯ ಮತವು ಇದರಿಂದ ಬಿದ್ದುಹೋಗಿ, ಹೊಸ ಗಾಳಿಯು ಬರುವುದೂ ಕೆಟ್ಟ ಗಾಳಿಯು ಹೋಗುವುದೂ ಮುಖ್ಯವೆಂಬುದು ಸಿದ್ಧವಾಯಿತು. ಈ ಸೂಕ್ಷ್ಮದ ಎರಡನೆಯ ಅರ್ಧವನ್ನು, ಎಂದರೆ ಕೆಟ್ಟ ಗಾಳಿಯು ಹೊರಗೆ ಹೋಗಬೇಕೆಂಬುದನ್ನು, ಮರೆತುದರಿಂದ ಮುಂದೆ ಎಂತಹ ಅನರ್ಥವಾಯಿತೆಂಬುದನ್ನು ಕೆಳಗೆ ಕಾಣಬಹುದು.

ಹದಿನೆಂಟನೆಯ ಶತಮಾನದಲ್ಲಿ ನೀರಿನಲ್ಲಿ ಮುಳುಗಿದವರನ್ನು ಉಳಿಸುವುದಕ್ಕಾಗಿ ಆಮ್‌ಸ್ಟರ್‌ಡಾಮಿನಲ್ಲಿ ೧೭೬೭ರಲ್ಲಿಯೂ ಲಂಡನ್ನಿನಲ್ಲಿ ೧೭೭೪ರಲ್ಲಿಯೂ ಸಂಘಗಳು ಸ್ಥಾಪಿತವಾದವು. ಇವುಗಳ ಉಪಕರಣಗಳಲ್ಲಿ ತಿದಿಗೂ ಸ್ಥಾನವು ದೊರೆಯಿತು. ಆದರೆ ೧೮೨೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೆರಾಯ್ ಡೆಟಿಯೋಲ್ ಎಂಬ ವೈದ್ಯನು ತಿದಿಯಿಂದ ಬಲವಾಗಿ ಊದಿದರೆ ಪ್ರಾಣಿಗಳ ಶ್ವಾಸಕೋಶವು ಬಿರಿದು, ಗಾಳಿಯು ಎದೆಗೂಡಿನಲ್ಲಿ ಸೇರಿ ಅವು ಸಾಯುವುವೆಂದು ಪ್ರಯೋಗಗಳಿಂದ ತೋರಿಸಿದನು. ಈ ಎಚ್ಚರಿಕೆಯಿಂದ ‘ಮೆಲ್ಲಗೆ ಊದಬೇಕು’ ಎಂಬ ಪಾಠವನ್ನು ಕಲಿಯುವುದಕ್ಕೆ ಬದಲಾಗಿ ‘ಊದಲೇಬಾರದು’ ಎಂಬ ಪಾಠವನ್ನು ಲೋಕವು ಕಲಿಯಿತು. ತಿದಿಯು ಮೂಲೆಗೆ ಬಿದ್ದಿತು.

೩. ಕಬ್ಬಿಣದ ಪೆಟ್ಟಿಗೆ

ಊದುವುದು ಅಪಾಯವೆಂದಾದ ಮೇಲೆ ಎದೆಯನ್ನು ಹೊರಗಿನಿಂದ ಸೆಳೆದು ಹಿಗ್ಗಿಸುವ ಉಪಾಯವನ್ನು ಹುಡುಕಲಾಯಿತು. ೧೮೭೬ರಲ್ಲಿ ಪ್ಯಾರಿಸ್ಸಿನ ವೊಯಿಲೆ ಎಂಬವನು ರೋಗಿಯ ತಲೆಯೊಂದನ್ನು ಹೊರಗೆ ಬಿಟ್ಟು ಉಳಿದ ಶರೀರವನ್ನೆಲ್ಲ ಮುಚ್ಚುವ, ಕೈಯಿಂದ ನಡೆಯಿಸುವ ಪೆಟ್ಟಿಗೆಯೊಂದನ್ನು ಮಾಡಿದನು. ವಿದ್ಯುಚ್ಛಕ್ತಿಯು ಬಂದ ಮೇಲೆ ಇದೇ ತತ್ತ್ವವು ಫಲಕಾರಿಯಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಷಾ ಅವರು ರಚಿಸಿದ ಯಂತ್ರವನ್ನು ೧೯೨೮ರ ಅಕ್ಟೋಬರಿನಲ್ಲಿ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ಪೋಲಿಯೊ ರೋಗದಿಂದ ಉಸಿರು ಕಟ್ಟಿದ ಎಂಟು ವರ್ಷದ ಬಾಲಕಿಯೊಬ್ಬಳಿಗೆ ಮೊದಲು ಬಳಸಿದರು. ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಗೆ ಸೆಳೆದಾಗ ರೋಗಿಯ ಎದೆಯು ಹಿಗ್ಗಿ ಮೂಗುಬಾಯಿಗಳಿಂದ ಗಾಳಿಯು ಒಳಕ್ಕೆ ನುಗ್ಗುವುದು; ಒತ್ತಡವು ಸಮವಾದಾಗ ಹೊರಕ್ಕೆ ಬರುವುದು. ಜನರು ಇದನ್ನು ಕಬ್ಬಿಣದ ಶ್ವಾಸಕೋಶವೆಂದು ಕರೆದರು. ೧೯೩೧ರಲ್ಲಿ ಎಮರ್ಸನ್ ಎಂಬವರು ಇದನ್ನು ಅಗ್ಗವಾಗಿಯೂ ಸರಳವಾಗಿಯೂ ಮಾಡಿದರು.

ಎದೆಯ ಸ್ನಾಯುಗಳು ಮಾತ್ರ ಸೋತಿದ್ದ ರೋಗಿಗಳಿಗೆ ಈ ಪೆಟ್ಟಿಗೆಯು ನಿಜವಾಗಿಯೂ ಜೀವದಾಯಕವಾಯಿತು. ಆದರೆ ಪೋಲಿಯೊ ರೋಗವು ಮಿದುಳಿನ ಕಾಂಡಕ್ಕೆ ಏರಿದಾಗ ನುಂಗುವ ಶಕ್ತಿಯೂ ಕೆಮ್ಮುವ ಶಕ್ತಿಯೂ ಹೋಗುತ್ತವೆ. ಆಗ ಗಂಟಲಲ್ಲಿ ನಿಂತ ಜೊಲ್ಲು ಕಫಗಳನ್ನು ಪೆಟ್ಟಿಗೆಯ ಸೆಳೆತವು ಗಾಳಿಯೊಡನೆಯೇ ಶ್ವಾಸನಾಳಕ್ಕೆ ಎಳೆದುಬಿಡುತ್ತದೆ. ಯಂತ್ರದೊಳಗಿದ್ದರೂ ರೋಗಿಯು ತನ್ನ ಗಂಟಲ ದ್ರವದಲ್ಲಿಯೇ ಮುಳುಗಿ ಸಾಯುವನು. ಲಾಸ್ ಏಂಜಲೀಸ್ ನಗರದ ಬೋವರ್, ಬೆನೆಟ್ ಮೊದಲಾದವರು ಪೆಟ್ಟಿಗೆಯ ಸೆಳೆತದೊಂದಿಗೆ ಶ್ವಾಸನಾಳದಲ್ಲಿ ಗಾಳಿಯನ್ನು ಊದುವ ಕ್ರಮವನ್ನೂ ಸೇರಿಸಿ, ಮರಣಗಳು ಬಹಳ ಕಡಿಮೆಯಾದುದನ್ನು ೧೯೫೦ರಲ್ಲಿ ಪ್ರಕಟಿಸಿದರು. ಆ ಲೇಖನವನ್ನು ಗಮನವಿಟ್ಟು ಓದಿದವರು ವಿರಳ. ಅವರಲ್ಲಿ ಕೋಪನ್‌ಹೇಗನ್ನಿನ ಅರಿವಳಿಕೆ ವೈದ್ಯರಾದ ಬ್ಯೋರ್ನ್ ಇಬ್ಸೆನ್ ಒಬ್ಬರು.

೪. ಬ್ಲೆಗ್ಡಾಮ್ ಆಸ್ಪತ್ರೆ, ೧೯೫೨

೧೯೫೨ರ ಬೇಸಗೆಯಲ್ಲಿ ಕೋಪನ್‌ಹೇಗನ್ನಿಗೆ ಪೋಲಿಯೊ ಮಾರಿಯು ಹಿಂದೆಂದೂ ಕಾಣದ ಉಗ್ರತೆಯಿಂದ ಬಂದಿತು. ಸಾಂಕ್ರಾಮಿಕ ರೋಗಗಳಿಗಾಗಿಯೇ ಇದ್ದ ಬ್ಲೆಗ್ಡಾಮ್ ಆಸ್ಪತ್ರೆಗೆ ಜುಲೈ ತಿಂಗಳ ಕೊನೆಯಿಂದ ಡಿಸೆಂಬರ್ ಮೊದಲಿನವರೆಗೆ ಸುಮಾರು ೨,೭೦೦ ರೋಗಿಗಳು ಬಂದರು. ಇವರಲ್ಲಿ ೮೬೬ ಮಂದಿಗೆ ಪಾರ್ಶ್ವವಾಯುವಿನಂತೆ ಅಂಗಗಳು ಸೋತಿದ್ದವು. ಹಾವಳಿಯು ತುದಿಗೇರಿದಾಗ ದಿನವೊಂದಕ್ಕೆ ೫೦ ಮಂದಿಯವರೆಗೆ ಬರುತ್ತಿದ್ದರು. ಇಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದ ಶ್ವಾಸಸಾಧನಗಳೆಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಎದೆಗೆ ಮಾತ್ರ ಕವಚದಂತೆ ಕಟ್ಟುವ ಆರು ಉಪಕರಣಗಳು. ಮೊದಲ ಮೂರು ವಾರಗಳಲ್ಲಿ ಇವುಗಳಿಂದ ಚಿಕಿತ್ಸೆ ಪಡೆದ ೩೧ ಮಂದಿಯಲ್ಲಿ ೨೭ ಮಂದಿ ಸತ್ತರು. ಎಂದರೆ ನೂರಕ್ಕೆ ೮೭.

ಯಂತ್ರಗಳು ಕಡಿಮೆಯಾದುದರಿಂದಲೇ ಇಷ್ಟು ಮಂದಿ ಸತ್ತರೆಂಬುದು ಸರಿಯಲ್ಲ. ಸತ್ತ ಈ ೨೭ ಮಂದಿಗೂ ಯಂತ್ರವು ದೊರೆತಿದ್ದಿತು. ಆದುದರಿಂದ ಕೊರತೆಯು ಯಂತ್ರದ ಸಂಖ್ಯೆಯಲ್ಲಿ ಮಾತ್ರವೇ ಇರಲಿಲ್ಲ. ರೋಗದ ತಿಳಿವಳಿಕೆಯಲ್ಲಿಯೇ ಇದ್ದಿತು. ಈ ಅಂಶವು ಪ್ರಕೃತ ವಿಚಾರಕ್ಕೆ ಮುಖ್ಯವಾದುದು.

ಸಾಯುತ್ತಿದ್ದ ರೋಗಿಗಳ ರಕ್ತದಲ್ಲಿ ಅಂಗಾರಾಮ್ಲದ ಒಟ್ಟು ಪ್ರಮಾಣವು ಬಹಳ ಹೆಚ್ಚಾಗಿರುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದ್ದಿತು. ಅಂಗಾರಾಮ್ಲವು ರಕ್ತದಲ್ಲಿ ಬಹುಭಾಗ ಕ್ಷಾರರೂಪದ ಲವಣವಾಗಿ ಸಂಚರಿಸುವುದರಿಂದ, ಇದು ಕಾರಣ ತಿಳಿಯದ ಕ್ಷಾರವೃದ್ಧಿಯೆಂದು ವೈದ್ಯರು ಅರ್ಥಮಾಡಿದ್ದರು. ರೋಗಿಗಳು ಬೆವರುವುದು, ರಕ್ತದೊತ್ತಡವೇರುವುದು, ಜ್ಞಾನತಪ್ಪುವುದು ಇವೆಲ್ಲವೂ ವಿಷಾಣುವು ಮಿದುಳನ್ನು ಹಿಡಿದುದರ ಚಿಹ್ನೆಗಳೆಂದು ನಂಬಿದ್ದರು. ಆಮ್ಲಜನಕವನ್ನು ಕೊಟ್ಟುದರಿಂದ ಚರ್ಮವು ನೀಲಿಗಟ್ಟದೆ ಇರುತ್ತಿತ್ತು. ಅದರಿಂದ ಉಸಿರಾಟವು ಸಾಕಷ್ಟಿದೆಯೆಂಬ ಭ್ರಮೆಯೂ ಉಂಟಾಗಿತ್ತು. ಒಂದೇ ಅಂಕಿಗೆ ಎರಡು ಅರ್ಥಗಳು ಸಾಧ್ಯವಿದ್ದಾಗ ತಪ್ಪಾದ ಅರ್ಥವನ್ನು ಹಿಡಿದರೆ ಪಾಠಾಂತರದಲ್ಲಿ ಶ್ಲೋಕವೊಂದು ಕೆಡಬಹುದು. ಇಲ್ಲಿ ಕೆಟ್ಟುದು ಮನುಷ್ಯರ ಪ್ರಾಣ.

ಆಸ್ಪತ್ರೆಯ ಮುಖ್ಯ ವೈದ್ಯರು ಲಾಸೆನ್. ಅವರ ಸಹಾಯಕರಾದ ಬ್ಯೋರ್ನೆಬೋ ಅವರು ಧನುರ್ವಾತ ತಗುಲಿದ ಶಿಶುವೊಂದರ ಚಿಕಿತ್ಸೆಯಲ್ಲಿ ಇಬ್ಸೆನ್ನರ ಸಾಮರ್ಥ್ಯವನ್ನು ಕಂಡಿದ್ದರು. ಇವರ ಸಲಹೆಯಂತೆ ಆಗಸ್ಟ್ ೨೫ರಂದು ಇಬ್ಸೆನ್ನರನ್ನು ಸಮಾಲೋಚನೆಗೆ ಕರೆಸಲಾಯಿತು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವವರನ್ನು ಸಾಂಕ್ರಾಮಿಕ ರೋಗದ ವಾರ್ಡಿಗೆ ಕರೆಯುವುದು ಆ ಕಾಲದಲ್ಲಿ ರೂಢಿಯಲ್ಲಿರಲಿಲ್ಲವೆಂಬುದನ್ನು ನೆನೆಯತಕ್ಕದ್ದು. ಇಬ್ಸೆನ್ನರು ಸತ್ತವರ ಶ್ವಾಸಕೋಶಗಳನ್ನು ಪರೀಕ್ಷಿಸಿ, ಅವು ಉಸಿರಾಟಕ್ಕೆ ಯೋಗ್ಯವಲ್ಲದಷ್ಟು ಕೆಟ್ಟಿಲ್ಲವೆಂದು ಕಂಡರು. ಹಾಗಾದರೆ ಸಾವಿಗೆ ಕಾರಣವೇನು? ಬೆವರು, ರಕ್ತದೊತ್ತಡದ ಏರಿಕೆ, ಮಂಪರು ಎಂಬ ಈ ಲಕ್ಷಣಗಳನ್ನೇ ಅವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಸರಿಯಾಗಿ ಉಸಿರು ಕೊಡದ ರೋಗಿಗಳಲ್ಲಿ ನೋಡಿದ್ದರು. ರಕ್ತದಲ್ಲಿರುವುದು ಕ್ಷಾರವೃದ್ಧಿಯಲ್ಲ, ಹೊರಹೋಗಲಾರದೆ ಕೂಡಿಬಿದ್ದ ಅಂಗಾರಾಮ್ಲ. ರೋಗಿಗಳು ಸಾಯುವುದು ಮಿದುಳಿನ ರೋಗದಿಂದಲ್ಲ, ಉಸಿರು ಸಾಲದೆ. ಇದು ಅವರ ನಿರ್ಣಯ. ಹುಕ್ಕನ ಪ್ರಯೋಗದಲ್ಲಿ ಹೊಳೆದಿದ್ದ ಅರ್ಥವು ೨೮೫ ವರ್ಷಗಳ ಮೇಲೆ ಹೀಗೆ ಮರಳಿ ಬಂದಿತು.

ಆಗಸ್ಟ್ ೨೭ರಂದು ಪರೀಕ್ಷೆಯು ನಡೆಯಿತು. ೧೨ ವರ್ಷದ ಬಾಲಕಿಯೊಬ್ಬಳು ಕೈಕಾಲುಗಳೆಲ್ಲ ಸೋತು, ತೀವ್ರ ಜ್ವರದಿಂದ ನರಳುತ್ತ, ಕಫದಲ್ಲಿ ಮುಳುಗುವ ಸ್ಥಿತಿಯಲ್ಲಿದ್ದಳು. ಅವಳ ಕತ್ತಿನಲ್ಲಿ ಶ್ವಾಸನಾಳವನ್ನು ಕೊಯ್ದು, ಗಾಳಿ ತುಂಬಿದ ಪಟ್ಟಿಯುಳ್ಳ ರಬ್ಬರಿನ ಕೊಳವೆಯನ್ನು ಸೇರಿಸಲಾಯಿತು. ಅವಳು ಹೊಯ್ದಾಡುತ್ತಿದ್ದುದರಿಂದಲೂ, ಶ್ವಾಸನಾಳಗಳು ಬಿಗಿದುಕೊಂಡಿದ್ದುದರಿಂದಲೂ ಗಾಳಿಯು ಒಳಕ್ಕೆ ಹೋಗಲಿಲ್ಲ. ಕೂಡಿದ್ದ ವೈದ್ಯರಲ್ಲಿ ಕೆಲವರು ನಿರಾಶರಾಗಿ ಹೊರಟರು. ಇಬ್ಸೆನ್ನರು ಆಗ ಅವಳಿಗೆ ನಿದ್ರಾಜನಕವಾದ ಥಯೋಪೆಂಟಾಲ್ ಔಷಧವನ್ನು ಕೊಟ್ಟರು. ಅವಳ ಸ್ವಂತ ಉಸಿರಾಟದ ಹೆಣಗಾಟವು ನಿಂತಿತು. ಅನಂತರ ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿದಾಗ ಎದೆಯು ಏರಿತು. ಸ್ವಲ್ಪ ಹೊತ್ತಿನಲ್ಲಿಯೇ ಮೈಬಣ್ಣವು ತಿಳಿಯಾಗಿ ಬೆವರು ಆರಿತು. ಮತ್ತೆ ಅವಳನ್ನು ಎದೆಗವಚದ ಯಂತ್ರಕ್ಕೆ ಒಪ್ಪಿಸಿದಾಗ ಅಂಗಾರಾಮ್ಲವು ಏರಿ ಕೆಟ್ಟ ಲಕ್ಷಣಗಳೆಲ್ಲ ಮರಳಿದವು; ಕೈಯಿಂದ ಊದಿದಾಗ ಮತ್ತೆ ಇಳಿದವು. ಅನ್ವಯ ವ್ಯತಿರೇಕಗಳೆರಡರಿಂದಲೂ ಕಾರಣವು ಹೀಗೆ ಸಿದ್ಧವಾಯಿತು. ಆ ಬಾಲಕಿಯು ಬದುಕಿದಳು.

೫. ವಿದ್ಯಾರ್ಥಿಗಳ ಕೈ

ಒಬ್ಬ ರೋಗಿಗೆ ಕೈಯಿಂದ ಉಸಿರು ಕೊಡುವುದು ಒಂದು ಗಂಟೆಯ ಮಾತಲ್ಲ. ಹಗಲಿರುಳು ವಾರಗಟ್ಟಲೆ ನಡೆಯಬೇಕು. ಇದಕ್ಕೆ ಯಂತ್ರವೇ ಇರಲಿಲ್ಲ. ಆದುದರಿಂದ ವೈದ್ಯವಿದ್ಯಾರ್ಥಿಗಳನ್ನು ಕರೆಯಲಾಯಿತು. ಅವರು ಸಾಲದಾಗಲು ದಂತವೈದ್ಯ ವಿದ್ಯಾರ್ಥಿಗಳನ್ನೂ ಕರೆದರು. ಹೀಗೆ ಒಟ್ಟು ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ರೋಗಿಗಳ ತಲೆದೆಸೆಯಲ್ಲಿ ಕುಳಿತು ಚೀಲವನ್ನು ಹಿಸುಕಿದರು. ಅವರು ದುಡಿದ ಕಾಲವು ೧,೬೫,೦೦೦ ಗಂಟೆಗಳೆಂದು ಎಣಿಸಲಾಗಿದೆ. ಹಾವಳಿಯ ತುದಿಯಲ್ಲಿ ಏಕಕಾಲಕ್ಕೆ ೭೦ ರೋಗಿಗಳು ಈ ಕೈಗಳ ಗಾಳಿಯಿಂದಲೇ ಬದುಕಿದ್ದರು.

ಉಪಕರಣವು ಸರಳವಾದುದು. ಆಮ್ಲಜನಕ ಸಾರಜನಕಗಳು ಅರ್ಧರ್ಧವಾಗಿ ಬೆರೆತ ಅನಿಲವು ಚೀಲಕ್ಕೆ ಬರುವುದು. ರೋಗಿಯು ಬಿಟ್ಟ ಉಸಿರಿನ ಅಂಗಾರಾಮ್ಲವನ್ನು ನಡುವೆ ಇಟ್ಟ ಸೋಡಾ ಸುಣ್ಣದ ಡಬ್ಬಿಯು ಹೀರಿಕೊಳ್ಳುವುದು. ಕೊಳವೆಯ ಸುತ್ತಲಿನ ಉಬ್ಬುಪಟ್ಟಿಯು ಶ್ವಾಸನಾಳವನ್ನು ಬಿಗಿಯಾಗಿ ಮುಚ್ಚಿ ಜೊಲ್ಲು ಕೆಳಗಿಳಿಯದಂತೆ ತಡೆಯುವುದು. ಆದರೆ ಎಷ್ಟು ಹಿಸುಕಬೇಕು, ಎಷ್ಟು ಬೇಗ ಹಿಸುಕಬೇಕು ಎಂಬುದನ್ನು ವಿದ್ಯಾರ್ಥಿಯೇ ನೋಡಿಕೊಳ್ಳಬೇಕು. ಕತ್ತಿನಲ್ಲಿ ಕೊಳವೆಯಿದ್ದುದರಿಂದ ರೋಗಿಗೆ ಮಾತು ಹೊರಡದು. ಅವರಲ್ಲಿ ಅನೇಕರು ಮಕ್ಕಳು. ಎದೆಯ ಏರಿಳಿತ, ತುಟಿಯ ಬಣ್ಣ, ಕಣ್ಣಿನ ನೋಟ ಇವೇ ಪ್ರಮಾಣಗಳಾಗಿದ್ದವು. ಕೈಯು ರೋಗಿಯನ್ನು ಅನುಸರಿಸುತ್ತಿತ್ತು. ಪೆಟ್ಟಿಗೆಯಲ್ಲಿಯಾದರೋ ರೋಗಿಯು ಯಂತ್ರವನ್ನು ಅನುಸರಿಸಬೇಕಾಗಿದ್ದಿತು. ಎಲ್ಲರೂ ಉಳಿಯಲಿಲ್ಲ. ತಾನು ಉಸಿರು ಕೊಡುತ್ತಿರುವಾಗಲೇ ಮಗುವೊಂದು ತೀರಿಕೊಂಡುದನ್ನು ಕಂಡ ವಿದ್ಯಾರ್ಥಿಗಳೂ ಇದ್ದರು.

ಫಲವಾದರೋ ವಿಸ್ಮಯಕರ. ನೂರಕ್ಕೆ ೮೭ ಇದ್ದ ಮರಣವು ನೂರಕ್ಕೆ ೪೦ರ ಹತ್ತಿರಕ್ಕೆ ಇಳಿದು, ಅನಂತರ ಇನ್ನೂ ಕಡಿಮೆಯಾಯಿತು. ಲಾಸೆನ್ನರು ಈ ವೃತ್ತಾಂತವನ್ನು ೧೯೫೩ರ ಆರಂಭದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

೬. ಅಳತೆ, ಸ್ಥಳ, ಯಂತ್ರ

ಕೋಪನ್‌ಹೇಗನ್ನಿನಿಂದ ಮೂರು ಶಾಖೆಗಳು ಹೊರಟವು. ಮೊದಲನೆಯದು ಅಳತೆ. ಅದೇ ಆಸ್ಪತ್ರೆಯ ಪ್ರಯೋಗಶಾಲೆಯ ಪೌಲ್ ಆಸ್ಟ್ರುಪ್ ಅವರು ರಕ್ತದ ಆಮ್ಲತೆಯ ಮೂಲಕ ಅಂಗಾರಾಮ್ಲದ ಒತ್ತಡವನ್ನು ಬೇಗನೆ ತಿಳಿಯುವ ವಿಧಾನವನ್ನು ಮುಂದಿನ ಕೆಲವು ವರ್ಷಗಳಲ್ಲಿ ಪೂರ್ಣಗೊಳಿಸಿದರು. ತಪ್ಪಾಗಿ ಓದಿದ ಆ ಒಂದು ಅಂಕಿಯು ಮತ್ತೆ ದ್ವ್ಯರ್ಥಿಯಾಗದಂತೆ ಮಾಡಿದುದೇ ಇದರ ಮಹತ್ತ್ವ. ಎರಡನೆಯದು ಸ್ಥಳ. ಇಂತಹ ರೋಗಿಗಳನ್ನು ಒಂದೇ ಕಡೆ, ರೋಗಿಯ ಪಕ್ಕದಲ್ಲಿ ಹಗಲಿರುಳು ಆಳಿರುವಂತೆ ಇಟ್ಟು ನೋಡಿಕೊಳ್ಳಬೇಕೆಂದು ಕಂಡ ಇಬ್ಸೆನ್ನರು ೧೯೫೩ರ ಡಿಸೆಂಬರಿನಲ್ಲಿ ಅದೇ ನಗರದ ಮುನಿಸಿಪಲ್ ಆಸ್ಪತ್ರೆಯಲ್ಲಿ ಇದಕ್ಕಾಗಿ ಪ್ರತ್ಯೇಕ ಕೊಠಡಿಯನ್ನು ತೆರೆದರು. ತೀವ್ರ ನಿಗಾ ಘಟಕಗಳ ಮೂಲವನ್ನು ಸಾಮಾನ್ಯವಾಗಿ ಇಲ್ಲಿಯೇ ಕಾಣಲಾಗುತ್ತದೆ. ಮೂರನೆಯದು ಯಂತ್ರ. ೧೯೫೩ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಕ್ಕೆ ಅದೇ ಮಾರಿಯು ಬಂದಾಗ ಎಂಗ್‌ಸ್ಟ್ರೋಮ್ ಎಂಬ ವೈದ್ಯರು ರಚಿಸಿದ, ಗೊತ್ತಾದ ಪ್ರಮಾಣದ ಗಾಳಿಯನ್ನು ಊದುವ ಯಂತ್ರವು ವಿದ್ಯಾರ್ಥಿಗಳ ಕೈಯ ಸ್ಥಾನವನ್ನು ಪಡೆಯಿತು.

೧೯೫೫ರಿಂದ ಲಸಿಕೆಯು ಹರಡಿ ಪೋಲಿಯೊ ಹಿಮ್ಮೆಟ್ಟಿತು. ಭಾರತದಲ್ಲಿ ೨೦೧೧ರ ಜನವರಿಯಲ್ಲಿ ಕೊನೆಯ ರೋಗಿಯು ಕಂಡುಬಂದು, ೨೦೧೪ರ ಮಾರ್ಚಿಯಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ಘೋಷಿತವಾಯಿತು. ರೋಗವು ಹೋದರೂ ಅದಕ್ಕಾಗಿ ಹುಟ್ಟಿದ ವಿದ್ಯೆಯು ಉಳಿದು, ನ್ಯುಮೋನಿಯ, ಅಪಘಾತ, ವಿಷಪ್ರಾಶನ ಮೊದಲಾದವುಗಳಿಗೆ ಸಲ್ಲಿತು.

೭. ಹಳೆಯ ಎಚ್ಚರಿಕೆಯ ಪುನರುದಯ

ಪೋಲಿಯೊ ರೋಗಿಗಳಲ್ಲಿ ಸೋತುದು ಸ್ನಾಯು. ಶ್ವಾಸಕೋಶವು ಬಹುಮಟ್ಟಿಗೆ ನೆಟ್ಟಗಿದ್ದಿತು. ಆದರೆ ೧೯೬೭ರಲ್ಲಿ ಆಷ್‌ಬಾ ಮೊದಲಾದವರು ವರ್ಣಿಸಿದ ತೀವ್ರ ಶ್ವಾಸಸಂಕಟದಲ್ಲಿ ಶ್ವಾಸಕೋಶವೇ ನೀರುಗಟ್ಟಿ ಬಿರುಸಾಗಿರುತ್ತದೆ. ಅಂತಹ ಶ್ವಾಸಕೋಶದ ಸ್ವಲ್ಪ ಭಾಗವು ಮಾತ್ರ ಗಾಳಿಗೆ ತೆರೆದಿರುವುದೆಂದು ಇಟಲಿಯ ಗಟ್ಟಿನೋನಿ ಅವರು ೧೯೮೦ರ ದಶಕದಲ್ಲಿ ತೋರಿಸಿದರು. ದೊಡ್ಡ ಶರೀರದೊಳಗೆ ಶಿಶುವಿನಷ್ಟು ಶ್ವಾಸಕೋಶ. ಅದಕ್ಕೆ ದೊಡ್ಡವನಿಗೆ ತಕ್ಕಷ್ಟು ಗಾಳಿಯನ್ನು ಊದಿದರೆ ಉಳಿದಿರುವ ಒಳ್ಳೆಯ ಭಾಗವೂ ಹರಿಯುವುದು. ೧೯೭೪ರಲ್ಲಿ ವೆಬ್ ಮತ್ತು ಟಿಯರ್ನಿ ಅವರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ, ಬಲವಾದ ಒತ್ತಡದಿಂದ ಊದಿದರೆ ಆರೋಗ್ಯವುಳ್ಳ ಶ್ವಾಸಕೋಶವೇ ನೀರು ತುಂಬಿ ಕೆಡುವುದೆಂದು ಕಂಡಿದ್ದರು. ಲೆರಾಯ್ ಡೆಟಿಯೋಲನು ಒಂದೂವರೆ ಶತಮಾನದ ಹಿಂದೆ ಹೇಳಿದ ಮಾತೇ ಇದು.

ಆದರೂ ರಕ್ತದ ಅಂಕಿಗಳನ್ನು ಸರಿಯಾಗಿಡಬೇಕೆಂಬ ಆಸೆಯಿಂದ ಹೆಚ್ಚು ಗಾಳಿಯನ್ನು ಊದುವ ರೂಢಿಯು ಬಹುಕಾಲ ನಡೆಯಿತು. ಕೊನೆಗೆ ೨೦೦೦ದಲ್ಲಿ ಅಮೆರಿಕದ ಆಸ್ಪತ್ರೆಗಳ ಕೂಟವೊಂದು ೮೬೧ ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿತು. ಕಿಲೋಗ್ರಾಮಿಗೆ ೧೨ ಮಿಲಿಲೀಟರಿನಂತೆ ಊದಿದವರಲ್ಲಿ ನೂರಕ್ಕೆ ೩೯.೮ ಮಂದಿಯೂ, ೬ ಮಿಲಿಲೀಟರಿನಂತೆ ಊದಿದವರಲ್ಲಿ ೩೧ ಮಂದಿಯೂ ಸತ್ತಿದ್ದರು. ಇಲ್ಲಿ ತೂಕವೆಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈ ಬೊಜ್ಜಾದರೆ ಶ್ವಾಸಕೋಶವು ಬೆಳೆಯುವುದಿಲ್ಲವಷ್ಟೆ. ೧೭೦ ಸೆಂಟಿಮೀಟರ್ ಎತ್ತರದ ಗಂಡಸಿಗೆ ಈ ತೂಕವು ೬೬ ಕಿಲೋಗ್ರಾಂ. ಅವನಿಗೆ ಸಲ್ಲತಕ್ಕ ಉಸಿರು ಒಂದೊಂದಕ್ಕೆ ಸುಮಾರು ೪೦೦ ಮಿಲಿಲೀಟರು. ಹಿಂದಿನ ರೂಢಿಯಂತೆ ಸುಮಾರು ೮೦೦ ಆಗುತ್ತಿತ್ತು.

ಇದರ ಸುತ್ತಲೂ ಬೆಳೆದ ಇತರ ಆಚಾರಗಳೂ ಮಿತಿಯ ಕಡೆಗೇ ನಡೆದಿವೆ. ೧೯೯೬ರಲ್ಲಿ, ರೋಗಿಯು ತಾನೇ ಉಸಿರಾಡಬಲ್ಲನೇ ಎಂದು ಪ್ರತಿದಿನವೂ ಪರೀಕ್ಷಿಸಿದರೆ ಯಂತ್ರದಿಂದ ಬೇಗನೆ ಬಿಡಿಸಬಹುದೆಂದು ತಿಳಿಯಿತು. ೨೦೦೦ದಲ್ಲಿ, ನಿದ್ರೌಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಿಸುವುದು ಹಿತವೆಂದು ತಿಳಿಯಿತು. ತೀವ್ರ ಶ್ವಾಸಸಂಕಟದವರನ್ನು ದಿನಕ್ಕೆ ೧೬ ಗಂಟೆಗಳಾದರೂ ಬೋರಲಾಗಿ ಮಲಗಿಸಿದರೆ ಸಾವು ನೂರಕ್ಕೆ ೩೨.೮ರಿಂದ ೧೬ಕ್ಕೆ ಇಳಿಯುವುದೆಂದು ೨೦೧೩ರಲ್ಲಿ ಫ್ರಾನ್ಸಿನ ಗೆರಾನ್ ಮೊದಲಾದವರು ತೋರಿಸಿದರು. ಬೋರಲು ಮಲಗಿಸುವುದಕ್ಕೆ ಹೊಸ ಯಂತ್ರವು ಬೇಕಾಗಿಲ್ಲ. ಬೇಕಾದುದು ತಿಳಿದ ನಾಲ್ಕಾರು ಜನರ ಕೈ.

೮. ಉಪಸಂಹಾರ

ಮೇಲ್ಕಂಡ ಸಂಗತಿಗಳಿಂದ ಪೂರ್ವಪಕ್ಷವು ನಿಲ್ಲಲಾರದೆಂಬುದು ಸ್ಪಷ್ಟ. ಬ್ಲೆಗ್ಡಾಮಿನಲ್ಲಿ ಮೊದಲು ಯಂತ್ರವಿದ್ದಿತು, ರೋಗಿಗಳು ಸತ್ತರು. ಅನಂತರ ಯಂತ್ರವಿಲ್ಲದೆ ಕೈಯಿಂದ ಊದಿದರು, ರೋಗಿಗಳು ಬದುಕಿದರು. ಇವೆರಡರ ನಡುವೆ ಬಂದುದು ರೋಗದ ಸರಿಯಾದ ಅರ್ಥನಿರ್ಣಯವೊಂದೇ. ಯಂತ್ರವು ಅದರ ಹಿಂದೆ ಬಂದಿತು. ಯಂತ್ರವು ಅನವಶ್ಯಕವೆಂದು ಇದರ ತಾತ್ಪರ್ಯವಲ್ಲ. ೧,೫೦೦ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ಯಾವ ನಗರವೂ ಒದಗಿಸಲಾರದು. ಆದರೆ ಅರ್ಥವು ತಿಳಿಯದಿದ್ದಾಗ ೧೯೫೨ರ ಪೆಟ್ಟಿಗೆಯೂ, ಮಿತಿಯು ತಿಳಿಯದಿದ್ದಾಗ ೨೦೦೦ಕ್ಕೆ ಮುಂಚಿನ ಉತ್ತಮ ಯಂತ್ರಗಳೂ ಒಂದೇ ರೀತಿಯಲ್ಲಿ ಸೋತವು. ಆದುದರಿಂದ ಈ ಅಧ್ಯಾಯವನ್ನು ಯಂತ್ರಗಳ ಹೆಸರಿನಿಂದ ವಿಭಾಗಿಸುವುದಕ್ಕಿಂತ, ಗಾಳಿಯು ಒಳಕ್ಕೆ ಹೋಗಬೇಕೆಂದು ಅರಿತ ಕಾಲ, ಅಂಗಾರಾಮ್ಲವು ಹೊರಕ್ಕೆ ಬರಬೇಕೆಂದು ಅರಿತ ಕಾಲ, ಎಷ್ಟು ಗಾಳಿಯು ಸಾಕೆಂದು ಅರಿತ ಕಾಲ ಎಂದು ಮೂರಾಗಿ ವಿಭಾಗಿಸುವುದೇ ಯುಕ್ತ. ಮೊದಲನೆಯದಕ್ಕೆ ವೆಸೇಲಿಯಸ್ಸನ ಗ್ರಂಥವೂ, ಎರಡನೆಯದಕ್ಕೆ ಕೋಪನ್‌ಹೇಗನ್ನಿನ ವಾರ್ಡೂ ಗಡಿಕಲ್ಲುಗಳು. ಮೂರನೆಯ ಕಾಲವು ೨೦೦೦ದ ಪರೀಕ್ಷೆಯಿಂದ ಆರಂಭವಾಗಿ ಈಗಲೂ ನಡೆಯುತ್ತಿದೆ.